ಒಪ್ಪಂದದ ಕಾಗದವೇ ಇಲ್ಲದೆ 40 ವರ್ಷ: ಡಿಸ್ಕಾರ್ಡ್ ರೆಕಾರ್ಡ್ಸ್ ನಿಜಕ್ಕೂ ಹೇಗೆ ನಡೆಯಿತು?

ಬೇಸ್‌ತಂತಿ

ನಮ್ಮದು ಬೆಂಗಳೂರಿನ ನಾಲ್ಕು ಜನರ ಬ್ಯಾಂಡ್. ಕನ್ನಡದಲ್ಲೇ ಹಾಡುತ್ತೇವೆ, ಸ್ವಲ್ಪ ಜೋರಾಗಿ. ಹೋದ ತಿಂಗಳು ಒಂದು ಕಂಪನಿ ಒಪ್ಪಂದ ಕಳಿಸಿದೆ. 14 ಪುಟ. ಮೂರು ಸಲ ಓದಿದೆ. ನನಗೆ ಅರ್ಥವಾದದ್ದು ಇಷ್ಟು: ಮುಂದಿನ ಐದು ವರ್ಷ ನಾವು ಏನು ರೆಕಾರ್ಡ್ ಮಾಡಿದರೂ ಅದು ಅವರದ್ದು. ಅವರು ಬಿಡುಗಡೆ ಮಾಡದೆ ಸುಮ್ನೆ ಇಟ್ಟುಕೊಂಡರೂ ನಾವು ಬೇರೆಯವರ ಹತ್ತಿರ ಹೋಗುವಂತಿಲ್ಲ. ಸಹಿ ಹಾಕೋಣ ಅಂತ ಇಬ್ಬರು, ಬೇಡ ಅಂತ ಇಬ್ಬರು. ಮನೆಯಲ್ಲೂ ಇದೇ ಮಾತು.

ನಮ್ಮ ಡ್ರಮ್ಮರ್ ಯಾವಾಗಲೂ ಅಮೆರಿಕದ ವಾಷಿಂಗ್ಟನ್‌ನ ಡಿಸ್ಕಾರ್ಡ್ ರೆಕಾರ್ಡ್ಸ್ ಹೆಸರು ಹೇಳುತ್ತಾನೆ. ಮೈನರ್ ಥ್ರೆಟ್, ಫುಗಾಜಿ ಅನ್ನುವ ಪಂಕ್ ಬ್ಯಾಂಡುಗಳ ಲೇಬಲ್, ಅಂದರೆ ಅವರ ರೆಕಾರ್ಡ್ ತರುವ ಸಂಸ್ಥೆ. ಅಲ್ಲಿ ಬ್ಯಾಂಡುಗಳಿಂದ ಸಹಿಯನ್ನೇ ಹಾಕಿಸುವುದಿಲ್ಲವಂತೆ. ನಿಜವಾ? ನಿಜವಾದರೆ ದುಡ್ಡಿನ ಕಥೆ ಏನು? ದೊಡ್ಡ ಮಾತು ಕೇಳಿ ಕೇಳಿ ಸಾಕಾಗಿದೆ. ದಿನದ ಕೆಲಸ ಹೇಗೆ ನಡೆಯುತ್ತಿತ್ತು ಅಂತ ಗೊತ್ತಿದ್ದವರು ಹೇಳಿ.

ಹಳೇಟೇಪು

ತಮ್ಮಾ, ನಿಜ. ಬಾಯಿಮಾತೇ. ಆದರೆ ಅದು ಹೇಗೆ ಶುರುವಾಯಿತು ಅಂತ ತಿಳಿಯದಿದ್ದರೆ ಬಾಯಿಮಾತು ಯಾಕೆ ಸಾಕಾಯಿತು ಅಂತ ಅರ್ಥವಾಗುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

1979ರಲ್ಲಿ ವಾಷಿಂಗ್ಟನ್‌ನಲ್ಲಿ ಟೀನ್ ಐಡಲ್ಸ್ ಅಂತ ಒಂದು ಬ್ಯಾಂಡ್ ಕಟ್ಟಿದರು. ಎಲ್ಲ ಹೈಸ್ಕೂಲು ವಯಸ್ಸಿನವರು. ಬೇಸ್ ನುಡಿಸುತ್ತಿದ್ದವನು ಇಯಾನ್ ಮೆಕಾಯ್, ಡ್ರಮ್ಸ್ ಜೆಫ್ ನೆಲ್ಸನ್, ಹಾಡುವವನು ನೇಥನ್ ಸ್ಟ್ರೇಜೆಕ್, ಗಿಟಾರ್ ಜಾರ್ಡಿ ಗ್ರಿಂಡಲ್. ಒಂದು ವರ್ಷ ಅಲ್ಲಿ ಇಲ್ಲಿ ನುಡಿಸಿದರು. ಬಂದ ದುಡ್ಡನ್ನು ಯಾರೂ ಜೇಬಿಗೆ ಹಾಕಲಿಲ್ಲ, ಒಂದು ಡಬ್ಬಿಗೆ ಹಾಕಿದರು. 1980ರ ಕೊನೆಗೆ ಬ್ಯಾಂಡ್ ಮುರಿಯಿತು. ಡಬ್ಬಿಯಲ್ಲಿ ಸುಮಾರು 600 ಡಾಲರ್ ಇತ್ತು.

ನಾಲ್ಕು ಪಾಲು ಮಾಡಿದ್ದರೆ ತಲೆಗೆ 150 ಬರುತ್ತಿತ್ತು. ಅವರು ಪಾಲು ಮಾಡಲಿಲ್ಲ. ಆಗಲೇ ಟೇಪಿನಲ್ಲಿದ್ದ ಎಂಟು ಹಾಡು ಸೇರಿಸಿ 7 ಇಂಚಿನ ರೆಕಾರ್ಡ್ ಒತ್ತಿಸಿದರು. ಸಾವಿರ ಪ್ರತಿ. ಇಲ್ಲದೇ ಹೋದ ಬ್ಯಾಂಡಿನ ರೆಕಾರ್ಡನ್ನು ಯಾರು ಕೊಳ್ಳುತ್ತಾರೆ ಅಂತ ಯೋಚಿಸಲೇ ಇಲ್ಲ. ನಾವು ಇದ್ದೆವು ಅನ್ನುವುದಕ್ಕೆ ಒಂದು ಗುರುತು ಉಳಿಯಲಿ ಅಂತ ಮಾಡಿದರು. ಇಯಾನ್, ಜೆಫ್, ನೇಥನ್ ಮೂವರೂ ಸೇರಿ ಅದಕ್ಕೆ ಒಂದು ಲೇಬಲ್ ಹೆಸರಿಟ್ಟರು. ಅದೇ ಡಿಸ್ಕಾರ್ಡ್. ವಿಳಾಸ ಅಂತ ಕೊಟ್ಟದ್ದು ಇಯಾನ್‌ನ ಅಪ್ಪ ಅಮ್ಮನ ಮನೆಯದು.

ಅವರಲ್ಲಿದ್ದ ಮಾತು ಒಂದೇ. ಹಾಕಿದ ದುಡ್ಡು ವಾಪಸ್ ಬಂದರೆ ಅದರಲ್ಲಿ ಇನ್ನೊಬ್ಬ ಗೆಳೆಯನ ಬ್ಯಾಂಡಿನ ರೆಕಾರ್ಡ್ ತರೋಣ. ಹಾಗೆ ಒಂದರ ಹಿಂದೆ ಒಂದು ಬಂತು. ಮೂರನೆಯದು ಮೈನರ್ ಥ್ರೆಟ್. ಏಳನೆಯದು 1982ರಲ್ಲಿ ಬಂದ ಎಲ್‌ಪಿ, ಅಂದರೆ ದೊಡ್ಡ ರೆಕಾರ್ಡ್. ಅದರಲ್ಲಿ ಒಂದೇ ಊರಿನ 11 ಬ್ಯಾಂಡುಗಳ 32 ಹಾಡು ಇದ್ದವು. ಒಂದೇ ಊರು ಅನ್ನುವುದನ್ನು ಗಮನಿಸಿ. ಇವತ್ತಿಗೂ ಡಿಸ್ಕಾರ್ಡ್ ವಾಷಿಂಗ್ಟನ್ ಮತ್ತು ಅದರ ಸುತ್ತಲಿನ ಬ್ಯಾಂಡುಗಳನ್ನು ಬಿಟ್ಟು ಬೇರೆಯವರ ರೆಕಾರ್ಡ್ ತರುವುದಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ದಿನಾ ಎದುರಿಗೆ ಸಿಗುವವರ ಜತೆ ಬಾಯಿಮಾತಿನ ವ್ಯವಹಾರ ನಡೆಯುತ್ತದೆ. ಮೋಸ ಮಾಡಿದರೆ ನಾಳೆ ಸಂಜೆ ಅದೇ ಜಾಗದಲ್ಲಿ ಮುಖ ತೋರಿಸಬೇಕಲ್ವಾ?

ಲೆಕ್ಕದ ಪ್ರಶ್ನೆಗೆ ಉತ್ತರ: ಒತ್ತಿಸಿದ ಖರ್ಚು, ಕವರಿನ ಖರ್ಚು ಎಲ್ಲ ಕಳೆದ ಮೇಲೆ ಉಳಿದದ್ದರಲ್ಲಿ ಬ್ಯಾಂಡಿಗೆ ಪಾಲು. ಮುಂಗಡ ಇಲ್ಲ. ಮುಂಗಡ ಇಲ್ಲದ್ದರಿಂದ ಬ್ಯಾಂಡಿನ ತಲೆ ಮೇಲೆ ಸಾಲವೂ ಇಲ್ಲ. ನಿಮ್ಮ 14 ಪುಟದಲ್ಲಿ ಮುಂಗಡ ಅನ್ನುವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸಿ ನೋಡಿ.

ಬೇಸ್‌ತಂತಿ

ಎಣಿಸಿದೆ ಅಣ್ಣಾ. 11 ಸಲ. ಅದು ನಮಗೆ ಕೊಡುವ ದುಡ್ಡು ಅಂತಲೇ ತಿಳಿದುಕೊಂಡಿದ್ದೆ. ನಮ್ಮ ಪಾಲಿನಿಂದಲೇ ವಾಪಸ್ ಮುರಿದುಕೊಳ್ಳುತ್ತಾರೆ ಅಂತ ಈಗ ಗೊತ್ತಾಯಿತು.

ಅಚ್ಚುಮೊಳೆ

ನಾನು ಸಂಗೀತದವನಲ್ಲ. 26 ವರ್ಷದಿಂದ ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿದ್ದೇನೆ. ಮಗಳು ಇದನ್ನು ಓದಲು ಕೊಟ್ಟಳು. ಸಾವಿರ ಕವರ್ ಎಲ್ಲಿ ಮಾಡಿಸಿದರು? ಆ ಹುಡುಗರ ಹತ್ತಿರ ಕವರ್ ಕತ್ತರಿಸುವ ಅಚ್ಚು, ಅಂದರೆ ಡೈ, ಮಾಡಿಸುವಷ್ಟು ದುಡ್ಡು ಇತ್ತೇ?

ಹಳೇಟೇಪು

ಸರ್, ಇದನ್ನು ನೀವು ಕೇಳಿದ್ದು ತುಂಬ ಖುಷಿ. ಅವರು ಮಾಡಿದ್ದು ನಿಮಗೆ ಇಷ್ಟವಾಗುತ್ತದೆ. ಅಂಗಡಿಯಲ್ಲಿ ಸಿಗುವ ಒಂದು 7 ಇಂಚಿನ ರೆಕಾರ್ಡಿನ ಕವರ್ ತಗೊಂಡು ಅಂಟು ಬಿಡಿಸಿದರು. ಹಾಳೆಯನ್ನು ಅಗಲಕ್ಕೆ ಬಿಡಿಸಿ ಹಾಕಿ, ಅದರ ಅಂಚಿನ ಗೆರೆಯನ್ನು ನಕಲು ಮಾಡಿಕೊಂಡರು. ಆ ಗೆರೆಯ ಒಳಗೆ ತಮ್ಮ ಚಿತ್ರ, ಅಕ್ಷರ ಕೂರಿಸಿ ಪ್ರೆಸ್ಸಿಗೆ ಕೊಟ್ಟರು. ಪ್ರೆಸ್ಸಿನಿಂದ ಬಂದದ್ದು ಬರೀ ಅಚ್ಚಾದ ಹಾಳೆ. ಆಮೇಲೆ ಗೆಳೆಯರೆಲ್ಲ ಸೇರಿ ಕತ್ತರಿಯಲ್ಲಿ ಕತ್ತರಿಸಿ, ಮಡಚಿ, ಗೋಂದು ಹಚ್ಚಿ ಅಂಟಿಸಿದರು. ಶುರುವಿನ ಆ ಚಿಕ್ಕ ರೆಕಾರ್ಡುಗಳ ಸಾವಿರಾರು ಕವರ್ ಹೀಗೆ ಕೈಯಲ್ಲೇ ಆದವು. ಇವತ್ತು ಅವು ಸಿಕ್ಕರೆ ಮಡಿಕೆ ಒಂದೊಂದು ಒಂದೊಂದು ಥರ ಇರುತ್ತದೆ.

ಒತ್ತಿಸುವುದು ಎಲ್ಲಿ, ಹೇಗೆ ಅಂತ ದಾರಿ ತೋರಿಸಿದವರು ಸ್ಕಿಪ್ ಗ್ರಾಫ್. ಮೇರಿಲ್ಯಾಂಡ್‌ನ ರಾಕ್‌ವಿಲ್‌ನಲ್ಲಿ ರೆಕಾರ್ಡ್ ಅಂಗಡಿ ಇಟ್ಟಿದ್ದರು. ಅವರದ್ದೇ ಒಂದು ಪುಟ್ಟ ಲೇಬಲ್ ಇತ್ತು. ತಮಗೆ ಗೊತ್ತಿದ್ದದ್ದನ್ನು ಹುಡುಗರಿಗೆ ಹೇಳಿಕೊಟ್ಟರು. ನೀವೇ ಮಾಡಿ ಅನ್ನುವುದನ್ನು ಒಬ್ಬರೇ ಮಾಡಿ ಅಂತ ತಪ್ಪು ತಿಳಿಯುವವರು ಜಾಸ್ತಿ. ಅಲ್ಲಿ ಯಾರೂ ಒಬ್ಬರೇ ಏನನ್ನೂ ಮಾಡಲಿಲ್ಲ.

ಪೊಟೊಮ್ಯಾಕ್‌ದಂಡೆ

ನಾನು ಹಾಸನದವಳು, ಈಗ 19 ವರ್ಷದಿಂದ ವರ್ಜೀನಿಯಾದಲ್ಲಿದ್ದೇನೆ. ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ನನ್ನ ಆಫೀಸಿನ ದಾರಿಯಲ್ಲೇ ಸಿಗುತ್ತದೆ. ಡಿಸ್ಕಾರ್ಡ್ ಹೌಸ್ ಇರುವುದು ಅಲ್ಲೇ. 1981ರಲ್ಲಿ ಈ ಹುಡುಗರು ಬಾಡಿಗೆಗೆ ಹಿಡಿದ ಮಾಮೂಲಿ ಮನೆ. ಮೇಲೆ ವಾಸ, ಕೆಳಗೆ ನೆಲಮಾಳಿಗೆಯಲ್ಲಿ ಬ್ಯಾಂಡುಗಳ ಅಭ್ಯಾಸ. ರೆಕಾರ್ಡ್ ಪ್ಯಾಕ್ ಮಾಡುವುದೂ ಅದೇ ಮನೆಯಲ್ಲಿ.

ರೆಕಾರ್ಡಿಂಗ್ ಆಗುತ್ತಿದ್ದದ್ದು ಡಾನ್ ಝಿಯೆಂಟಾರಾ ಅವರ ಇನ್ನರ್ ಇಯರ್ ಸ್ಟುಡಿಯೊದಲ್ಲಿ. ಸ್ಟುಡಿಯೊ ಅಂದರೆ ಆಗ ಅವರ ಮನೆಯ ನೆಲಮಾಳಿಗೆ. ಮೇಲೆ ಸಂಸಾರ, ಕೆಳಗೆ ಹುಡುಗರ ಅಬ್ಬರ. ಅವರ ಮನೆಯವರ ತಾಳ್ಮೆಯನ್ನು ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ. 1990ರ ಹೊತ್ತಿಗೆ ಬೇರೆ ಕಟ್ಟಡಕ್ಕೆ ಹೋದರು. ಆ ಜಾಗವನ್ನು ಆರ್ಲಿಂಗ್ಟನ್ ಕೌಂಟಿ ಕೊಂಡುಕೊಂಡಿತು, 2021ರಲ್ಲಿ ಸ್ಟುಡಿಯೊ ಅಲ್ಲಿಂದ ಏಳಬೇಕಾಯಿತು. ಸುದ್ದಿ ಓದಿದ ದಿನ ಆ ರಸ್ತೆಗೆ ಹೋಗಿ ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿ ಬಂದೆ. ಹೊರಗಿನಿಂದ ಏನೂ ಇಲ್ಲ, ಗೋಡೌನ್ ಥರ. ಆ ಗೋಡೆಗಳ ಒಳಗೆ ಏನೆಲ್ಲ ಆಗಿತ್ತು ಅಂತ ನೆನೆದು ಗಂಟಲು ಕಟ್ಟಿತು.

ಇನ್ನೊಂದು ಜಾಗ ಫೋರ್ಟ್ ರೀನೊ ಪಾರ್ಕ್. ಬೇಸಿಗೆ ಸಂಜೆ ಅಲ್ಲಿ ಪುಕ್ಕಟೆ ಕಾರ್ಯಕ್ರಮ ನಡೆಯುತ್ತದೆ. ಹುಲ್ಲಿನ ಮೇಲೆ ಚಾಪೆ ಹಾಸಿ ಮಕ್ಕಳನ್ನು ಕೂರಿಸಿಕೊಂಡು ಕೇಳುತ್ತಾರೆ. ಫುಗಾಜಿಯವರೂ ಅಲ್ಲಿ ಎಷ್ಟೋ ಸಲ ನುಡಿಸಿದ್ದಾರೆ. ನಮ್ಮೂರಿನ ಜಾತ್ರೆ ಬಯಲು ನೆನಪಾಗುತ್ತದೆ ನನಗೆ.

ಲೆಕ್ಕದಪುಸ್ತಕ

ಎಲ್ಲ ಚೆನ್ನಾಗಿದೆ. ಆದರೆ ಒಂದು ಮಾತು ನೇರವಾಗಿ ಕೇಳಬೇಕು. ಇಯಾನ್ ಮೆಕಾಯ್ ಅವರ ತಂದೆ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಪತ್ರಕರ್ತರು. ಮನೆ ಇತ್ತು, ಊಟ ಇತ್ತು, ಬಿದ್ದರೆ ಎತ್ತುವವರಿದ್ದರು. ಅಂಥವರಿಗೆ ಒಪ್ಪಂದ ಬೇಡ ಅನ್ನುವುದು ಸುಲಭ. ನಾನು ಚಾರ್ಟರ್ಡ್ ಅಕೌಂಟೆಂಟ್. ಗೆಳೆತನದ ಮೇಲೆ ನಡೆದ ವ್ಯವಹಾರ ಮುರಿದು ಬಿದ್ದಾಗ ಏನಾಗುತ್ತದೆ ಅಂತ ವಾರಕ್ಕೊಂದು ನೋಡುತ್ತೇನೆ. ನಮ್ಮ ಕಕ್ಷಿದಾರರಲ್ಲಿ ಅಣ್ಣತಮ್ಮಂದಿರೇ ಕಾಗದ ಇಲ್ಲದೆ ಕೋರ್ಟಿಗೆ ಹೋಗಿದ್ದಾರೆ. ಬೇಸ್‌ತಂತಿಯವರಿಗೆ ಕಾಗದ ಬೇಡ ಅಂತ ಹೇಳುವ ಮೊದಲು ಯೋಚಿಸಿ.

ಹಳೇಟೇಪು

ನಿಮ್ಮ ಮಾತಿನಲ್ಲಿ ಅರ್ಧ ಪೂರ್ತಿ ಒಪ್ಪುತ್ತೇನೆ. ಮನೆಯ ಆಸರೆ ಇತ್ತು. ಆದರೆ ಮನೆಯವರ ದುಡ್ಡಿನಲ್ಲಿ ಲೇಬಲ್ ನಡೆಯಲಿಲ್ಲ. ಇಯಾನ್ ಮತ್ತು ಅವರ ಗೆಳೆಯ ಹೆನ್ರಿ ರಾಲಿನ್ಸ್ ಜಾರ್ಜ್‌ಟೌನ್‌ನ ಐಸ್‌ಕ್ರೀಮ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಡಿಸ್ಕಾರ್ಡ್‌ನ ಎರಡನೆಯ ರೆಕಾರ್ಡ್ ಹೆನ್ರಿಯ ಬ್ಯಾಂಡಿನದು. ಖರ್ಚು ಕೊಟ್ಟದ್ದು ಹೆನ್ರಿಯೇ.

ಮತ್ತೆ, ಈ ಹುಡುಗರಿಗೆ ದಾರಿ ತೋರಿದ ಬ್ಯಾಡ್ ಬ್ರೇನ್ಸ್ ಅನ್ನು ಮರೆಯಬಾರದು. ಅದೇ ಊರಿನ ಕಪ್ಪು ಜನರ ಬ್ಯಾಂಡ್. 1980ರಲ್ಲೇ ತಮ್ಮ ಮೊದಲ ಸಿಂಗಲ್ ತಾವೇ ತಂದರು.  ಅವರ ವೇಗ, ಅವರ ಹಟ ನೋಡಿ ಮೆಕಾಯ್ ಗುಂಪು ಕಲಿತಿತು. ಡಿಸ್ಕಾರ್ಡ್ ಕಥೆ ಹೇಳುವಾಗ ಅವರ ಹೆಸರು ಮೊದಲ ಪುಟದಲ್ಲೇ ಬರಬೇಕು. ನಾನೇ ಮೇಲೆ ಬರೆಯದೆ ಬಿಟ್ಟೆ, ತಪ್ಪಾಯಿತು.

ಇನ್ನು ದುಡ್ಡು ಸಿಕ್ಕಿಹಾಕಿಕೊಳ್ಳುವ ಸಮಸ್ಯೆ ಅವರಿಗೂ ಬಂತು. ರೆಕಾರ್ಡ್ ಮುಗಿದುಹೋಗುತ್ತಿತ್ತು, ಕೇಳುವವರು ಇರುತ್ತಿದ್ದರು, ಆದರೆ ಅಂಗಡಿಗಳಿಂದ ಬರಬೇಕಾದ ದುಡ್ಡು ಬಂದಿರುತ್ತಿರಲಿಲ್ಲ. ಮತ್ತೆ ಒತ್ತಿಸಲು ಕೈಯಲ್ಲಿ ಕಾಸಿಲ್ಲ. ನೀವು ಇದನ್ನು ದಿನಾ ನೋಡುತ್ತೀರಿ ಅಲ್ವಾ? ಆಗ ಕೈ ಹಿಡಿದವರು ಲಂಡನ್‌ನ ಸದರ್ನ್ ಸ್ಟುಡಿಯೊದ ಜಾನ್ ಲೋಡರ್. ಒತ್ತಿಸುವ ಮತ್ತು ಹಂಚುವ ಭಾರ ಅವರು ಹೊತ್ತರು. ಅದರಿಂದಲೇ ಹಳೆಯ ರೆಕಾರ್ಡುಗಳು ಅಂಗಡಿಯಿಂದ ಮಾಯವಾಗದೆ ಉಳಿದವು. ಬರೀ ಆದರ್ಶದಿಂದ ಉಳಿಯಲಿಲ್ಲ, ಒಳ್ಳೆ ವಿತರಕ ಸಿಕ್ಕಿದ್ದರಿಂದಲೂ ಉಳಿಯಿತು.

ತಬಲಾಬಿಟ್ಟವನು

ಫುಗಾಜಿಯ ಲೆಕ್ಕ ನಾನು ಹೇಳುತ್ತೇನೆ, ಅಕೌಂಟೆಂಟ್ ಸರ್‌ಗೆ ಹಿಡಿಸಬಹುದು.

1987ರಲ್ಲಿ ಮೊದಲ ಕಾರ್ಯಕ್ರಮ. ಮೆಕಾಯ್, ಜೋ ಲಾಲಿ, ಬ್ರೆಂಡನ್ ಕ್ಯಾಂಟಿ. ಗೀ ಪಿಚೊಟ್ಟೊ ಆಮೇಲೆ ಸೇರಿದರು. ಟಿಕೆಟ್ ಸಾಮಾನ್ಯವಾಗಿ 5 ಡಾಲರ್. ಯಾವ ವಯಸ್ಸಿನವರಿಗೂ ಒಳಗೆ ಬಿಡಬೇಕು, ಇದು ಷರತ್ತು. ಮ್ಯಾನೇಜರ್ ಇಲ್ಲ. ಟೀ ಶರ್ಟ್ ಮಾರುವುದಿಲ್ಲ. ಕಾರ್ಯಕ್ರಮ ಗೊತ್ತು ಮಾಡುವುದು ತಾವೇ. ಸಾವಿರ ಜನ ಬಂದರೆ 5000 ಡಾಲರ್ ಆಯಿತು. ಮಧ್ಯದಲ್ಲಿ ಕೈ ಚಾಚುವವರು ಇಲ್ಲದಿದ್ದರೆ ಅದು ಕಡಿಮೆ ದುಡ್ಡಲ್ಲ. ಕಡಿಮೆ ಬೆಲೆಯನ್ನು ದಾನ ಅಂತ ನೋಡಬಾರದು. ಖರ್ಚು ಕಡಿಮೆ ಇಟ್ಟುಕೊಂಡದ್ದಕ್ಕೆ ಬೆಲೆ ಕಡಿಮೆ ಇಡಲು ಆಯಿತು.

ರೆಕಾರ್ಡಿನ ಕವರ್ ಮೇಲೆ ಅಂಚೆ ಖರ್ಚು ಸೇರಿ ಇಷ್ಟು ಅಂತ ಬೆಲೆ ಅಚ್ಚು ಹಾಕುತ್ತಿದ್ದರು. ಅದನ್ನು ನೋಡಿದ ಮೇಲೆ ಅಂಗಡಿಯವರು ಮನಸ್ಸಿಗೆ ಬಂದಷ್ಟು ಕೇಳುವುದು ಕಷ್ಟ. ನಮ್ಮ ಬಿಸ್ಕತ್ ಪೊಟ್ಟಣದ ಮೇಲೆ ಎಂಆರ್‌ಪಿ ಇದ್ದ ಹಾಗೆ.

ತಮ್ಮ ಊರಿನಲ್ಲಿ ನುಡಿಸಿದ್ದು ಒಂದೋ ಪುಕ್ಕಟೆ, ಇಲ್ಲವೇ ಯಾವುದಾದರೂ ಒಳ್ಳೆ ಕೆಲಸಕ್ಕೆ ದುಡ್ಡು ಕೂಡಿಸಲು. ಹೆಚ್ಚಿನವನ್ನು ಪಾಸಿಟಿವ್ ಫೋರ್ಸ್ ಅನ್ನುವ ಯುವ ಕಾರ್ಯಕರ್ತರ ಗುಂಪು ಏರ್ಪಡಿಸುತ್ತಿತ್ತು. 1991ರ ಜನವರಿ 12ರಂದು, ಕೊಲ್ಲಿ ಯುದ್ಧ ಶುರುವಾಗುವ ಕೆಲವೇ ದಿನ ಮುಂಚೆ, ಶ್ವೇತಭವನದ ಎದುರಿನ ಲಫಯೆಟ್ ಪಾರ್ಕಿನಲ್ಲಿ ಚಳಿಯಲ್ಲಿ ನಿಂತು ನುಡಿಸಿದರು.

ಗುಂಪಿನಲ್ಲಿ ಯಾರಾದರೂ ಬೇರೆಯವರನ್ನು ತಳ್ಳಿ ಒದೆಯುತ್ತಿದ್ದರೆ ಹಾಡು ನಿಲ್ಲಿಸುತ್ತಿದ್ದರು. ಕೇಳದಿದ್ದರೆ 5 ಡಾಲರನ್ನು ಲಕೋಟೆಯಲ್ಲಿ ಹಾಕಿ ಕೈಗೆ ಕೊಟ್ಟು ಹೊರಗೆ ಕಳಿಸುತ್ತಿದ್ದರು. ದುಡ್ಡು ವಾಪಸ್ ಕೊಡಲು ಲಕೋಟೆ ಸಿದ್ಧ ಇಟ್ಟುಕೊಂಡು ತಿರುಗಿದ ಬ್ಯಾಂಡ್ ಇದು. ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ ಅಂದಿತ್ತು.

ಸಂಜೆಮಲ್ಲಿಗೆ

ಇಲ್ಲಿಯವರೆಗೆ ಎಲ್ಲ ಗಂಡಸರ ಹೆಸರೇ ಬಂತು. ನಾನು ಮೂರು ವರ್ಷ ಒಂದು ಬ್ಯಾಂಡಿನಲ್ಲಿ ಹಾಡಿದ್ದೇನೆ. ಸೌಂಡ್ ಚೆಕ್ ಸಮಯದಲ್ಲಿ ನನ್ನನ್ನು ಬಿಟ್ಟು ಎಲ್ಲರನ್ನೂ ಮಾತಾಡಿಸುತ್ತಿದ್ದರು. ಅದಕ್ಕೇ ಈ ಭಾಗ ನಾನೇ ಬರೆಯಬೇಕು ಅನ್ನಿಸಿತು.

1984ರ ಹೊತ್ತಿಗೆ ಆ ಊರಿನ ಕಾರ್ಯಕ್ರಮಗಳಲ್ಲಿ ಹೊಡೆದಾಟ ಜಾಸ್ತಿಯಾಗಿತ್ತು. ಶುರು ಮಾಡಿದವರಿಗೇ ಅಲ್ಲಿ ಹೋಗುವುದು ಬೇಡವಾಗಿತ್ತು. ಆಗ ಡಿಸ್ಕಾರ್ಡ್ ಬಳಗದ ಏಮಿ ಪಿಕರಿಂಗ್ ಗೆಳೆಯರಿಗೆಲ್ಲ ಚೀಟಿ ಬರೆದು ಕಳಿಸಿದರು. ಮತ್ತೆ ಏನಾದರೂ ಹೊಸದು ಕಟ್ಟಬೇಕು ಅನ್ನುವ ಕರೆ. 1985ರ ಆ ಬೇಸಿಗೆಗೆ ಕ್ರಾಂತಿಯ ಬೇಸಿಗೆ ಅಂತಲೇ ಹೆಸರು ಬಂತು. ರೈಟ್ಸ್ ಆಫ್ ಸ್ಪ್ರಿಂಗ್, ಎಂಬ್ರೇಸ್ ಆ ಕಾಲದ ಬ್ಯಾಂಡುಗಳು. ಸಿಟ್ಟಿನ ಜತೆ ಅಳುವನ್ನೂ ಹಾಡಿಗೆ ತಂದರು. ಇವತ್ತು ಇಮೋ ಅಂತ ಕರೆಯುವ, ಭಾವನೆ ತುಂಬಿದ ಪಂಕ್ ಶೈಲಿಯ ಬೇರು ಅಲ್ಲಿದೆ. ಪಿಕರಿಂಗ್ ಆಮೇಲೆ ಫೈರ್ ಪಾರ್ಟಿ ಅನ್ನುವ ನಾಲ್ಕು ಹೆಂಗಸರ ಬ್ಯಾಂಡಿನಲ್ಲಿ ಹಾಡಿದರು. ಅದೂ ಡಿಸ್ಕಾರ್ಡ್‌ನದೇ.

1991ರ ಬೇಸಿಗೆಯಲ್ಲಿ ಬಿಕಿನಿ ಕಿಲ್ ಬ್ಯಾಂಡ್ ಪಶ್ಚಿಮದ ಒಲಿಂಪಿಯಾದಿಂದ ವಾಷಿಂಗ್ಟನ್‌ಗೆ ಬಂತು. ಪಂಕ್ ಸಂಗೀತದಲ್ಲಿ ಹೆಂಗಸರ ದನಿ ಎತ್ತಿದ ರಯಟ್ ಗರ್ಲ್ ಚಳವಳಿಯ ಸಭೆಗಳು ಪಾಸಿಟಿವ್ ಫೋರ್ಸ್ ಮನೆಯಲ್ಲಿ ಶುರುವಾದವು. ಬಿಕಿನಿ ಕಿಲ್ ಹಾಡುಗಳನ್ನು ಇನ್ನರ್ ಇಯರ್‌ನಲ್ಲಿ ಮೆಕಾಯ್ ರೆಕಾರ್ಡ್ ಮಾಡಿಕೊಟ್ಟರು. ರೆಕಾರ್ಡ್ ಬಂದದ್ದು ಬೇರೆ ಲೇಬಲ್‌ನಿಂದ. ತಮ್ಮ ಲೇಬಲ್‌ಗೆ ಬರಲಿಲ್ಲ ಅಂತ ಯಾರೂ ಮುಖ ತಿರುಗಿಸಲಿಲ್ಲ.

ನನಗೆ ತುಂಬ ಹತ್ತಿರವಾದದ್ದು ಅದೇ ಆರ್ಲಿಂಗ್ಟನ್‌ನ ಸಿಂಪಲ್ ಮಷೀನ್ಸ್. ಜೆನ್ನಿ ಟೂಮಿ ಮತ್ತು ಕ್ರಿಸ್ಟಿನ್ ಥಾಮ್ಸನ್ ನಡೆಸಿದ ಲೇಬಲ್. ರೆಕಾರ್ಡ್ ಒತ್ತಿಸುವುದು ಹೇಗೆ ಅಂತ ಹಂತ ಹಂತವಾಗಿ ಒಂದು ಪುಟ್ಟ ಕೈಪಿಡಿ ಬರೆದು ಹಂಚಿದರು. ಸ್ಕಿಪ್ ಗ್ರಾಫ್ ಅಂಗಡಿಯಲ್ಲಿ ನಿಂತು ಹೇಳಿಕೊಟ್ಟದ್ದನ್ನು ಇವರು ಊರಿಗೆಲ್ಲ ಹೇಳಿಕೊಟ್ಟರು. ಅಡುಗೆಯ ಗುಟ್ಟನ್ನು ಪಕ್ಕದ ಮನೆಯವರಿಗೆ ಬರೆದುಕೊಟ್ಟ ಹಾಗೆ. ನಾನು ಕಂಡ ಹೆಚ್ಚಿನ ಜಾಗಗಳಲ್ಲಿ ಈ ಗುಟ್ಟನ್ನು ಯಾರೂ ಹೇಳಲೇ ಇಲ್ಲ.

ಕಾಲೇಜುಬಸ್ಸು

ಕೈ ಮೇಲೆ ಎಕ್ಸ್ ಬರೆದುಕೊಳ್ಳುವುದು, ಕುಡಿಯಬಾರದು ಅನ್ನುವುದು ಡಿಸ್ಕಾರ್ಡ್ ನಿಯಮವೇ?

ತಬಲಾಬಿಟ್ಟವನು

ನಿಯಮ ಅಲ್ಲ. ಟೀನ್ ಐಡಲ್ಸ್ ಕ್ಯಾಲಿಫೋರ್ನಿಯಾಗೆ ಹೋಗಿದ್ದಾಗ ಒಂದು ಕ್ಲಬ್ಬಿನಲ್ಲಿ ಚಿಕ್ಕ ವಯಸ್ಸಿನವರಿಗೆ ಮದ್ಯ ಕೊಡಬಾರದು ಅಂತ ಗುರುತಿಗೆ ಕೈ ಮೇಲೆ ಎಕ್ಸ್ ಬರೆದರು. ಊರಿಗೆ ಬಂದು ಇಲ್ಲಿನ ಕ್ಲಬ್ಬಿಗೂ ಅದೇ ಉಪಾಯ ಹೇಳಿದರು. ಗುರುತು ಹಾಕಿ, ಆದರೆ ನಮ್ಮನ್ನು ಸಂಗೀತ ಕೇಳಲು ಒಳಗೆ ಬಿಡಿ ಅಂತ. ಕುಡಿತ, ಡ್ರಗ್ಸ್ ಬೇಡ ಅನ್ನುವುದಕ್ಕೆ ಸ್ಟ್ರೇಟ್ ಎಡ್ಜ್ ಅನ್ನುವ ಹೆಸರು ಮೈನರ್ ಥ್ರೆಟ್‌ನ 1981ರ ಹಾಡಿನಿಂದ ಬಂತು. ಅದು ಒಬ್ಬ ಹುಡುಗ ತನ್ನ ಬಗ್ಗೆ ಹೇಳಿಕೊಂಡ ಮಾತು. ಆಮೇಲೆ ಬೇರೆ ಊರುಗಳಲ್ಲಿ ಅದನ್ನು ಪಂಥ ಮಾಡಿಕೊಂಡರು.

ಲೆಕ್ಕದಪುಸ್ತಕ

ಒಳ್ಳೆಯ ವಿವರ, ಎಲ್ಲರಿಗೂ ಧನ್ಯವಾದ. ಒಂದು ಕೊನೆಯ ಪ್ರಶ್ನೆ. ಬ್ಯಾಂಡುಗಳು ಬಿಟ್ಟು ಹೋದರೆ? ಲೇಬಲ್ ಬೆಳೆಸಿದ ಮೇಲೆ ದೊಡ್ಡ ಕಂಪನಿ ಎತ್ತಿಕೊಂಡು ಹೋದರೆ?

ಹಳೇಟೇಪು

ಹೋದವು. 1990ರ ದಶಕದಲ್ಲಿ ಜಾಬಾಕ್ಸ್ ಅಟ್ಲಾಂಟಿಕ್‌ಗೆ ಹೋಯಿತು, ಶಡರ್ ಟು ಥಿಂಕ್ ಎಪಿಕ್‌ಗೆ. ಡಿಸ್ಕಾರ್ಡ್ ತಡೆಯಲಿಲ್ಲ. ತಡೆಯಲು ಕೈಯಲ್ಲಿ ಕಾಗದವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಮುಂದೆ ಏನಾಯಿತು ನೋಡಿ. ಜಾಬಾಕ್ಸ್ ಅಟ್ಲಾಂಟಿಕ್‌ನಲ್ಲಿ 1994ರಲ್ಲಿ ತಂದ ಆಲ್ಬಮ್ 2009ರಲ್ಲಿ ಮತ್ತೆ ಬಿಡುಗಡೆಯಾಯಿತು. ತಂದದ್ದು ಬ್ಯಾಂಡಿನವರದ್ದೇ ಲೇಬಲ್ ಡಿಸೋಟೊ ಮತ್ತು ಡಿಸ್ಕಾರ್ಡ್ ಸೇರಿ. ಬಾಗಿಲು ಹಾಕಿರಲಿಲ್ಲ, ಅದಕ್ಕೇ ಬರಲು ಆಯಿತು.

ಕಾಗದ ಇಲ್ಲ ಅಂದರೆ ಲೆಕ್ಕ ಇಲ್ಲ ಅಂತಲ್ಲ ಸರ್. ಇವರಷ್ಟು ಎಲ್ಲವನ್ನೂ ಜೋಪಾನ ಮಾಡಿದವರು ಕಡಿಮೆ. ಫುಗಾಜಿ 1987ರಿಂದ 2002ರವರೆಗೆ ಸಾವಿರಕ್ಕೂ ಹೆಚ್ಚು ಕಾರ್ಯಕ್ರಮ ಕೊಟ್ಟಿತು. ಅದರಲ್ಲಿ 800ಕ್ಕೂ ಹೆಚ್ಚಿನದರ ಟೇಪ್ ಇದೆ. 2011ರಿಂದ ಅವನ್ನು ಒಂದೊಂದಾಗಿ ಕೇಳುಗರಿಗೆ ಕೊಡುತ್ತಾ ಬಂದಿದ್ದಾರೆ. ಶುರುವಿನಲ್ಲಿ ಬೆಲೆ 5 ಡಾಲರ್ ಅಂತ ಸೂಚನೆ ಇತ್ತು. ಕೈಲಾಗದವರು 1 ಡಾಲರ್ ಕೊಡಬಹುದಿತ್ತು. ಟೇಪ್ ಹಾಳಾಗದ ಹಾಗೆ 20, 25 ವರ್ಷ ಇಟ್ಟುಕೊಂಡವರಿಗೆ ಬ್ಯಾಂಡಿನ ಪಾಲು ಎಷ್ಟು ಅಂತ ಗೊತ್ತಿರಲ್ವಾ?

ಲೆಕ್ಕದಪುಸ್ತಕ

ಒಪ್ಪಿದೆ. ಆದರೂ ಬೇಸ್‌ತಂತಿಯವರೇ, ನೀವು ನಾಲ್ಕು ಜನ ನಿಮ್ಮ ನಿಮ್ಮಲ್ಲೇ ಒಂದು ಪುಟ ಬರೆದಿಟ್ಟುಕೊಳ್ಳಿ. ಯಾರು ಎಷ್ಟು ಹಾಕಿದರು, ಬಂದದ್ದು ಹೇಗೆ ಹಂಚಬೇಕು, ಯಾರಾದರೂ ಬಿಟ್ಟರೆ ಹಾಡು ಯಾರದ್ದು. ಅದು ಗೆಳೆತನಕ್ಕೆ ಅಡ್ಡ ಬರುವುದಿಲ್ಲ. ಬೇಕಾದರೆ ನಾನೇ ನೋಡಿಕೊಡುತ್ತೇನೆ, ಫೀಸ್ ಬೇಡ.

ಬೇಸ್‌ತಂತಿ

ಎಲ್ಲರ ಮಾತನ್ನೂ ಪ್ರಿಂಟ್ ತೆಗೆದು ನಿನ್ನೆ ಅಭ್ಯಾಸದ ಜಾಗದಲ್ಲಿ ಓದಿದೆವು. ಸಹಿ ಹಾಕೋಣ ಅಂದ ಇಬ್ಬರಲ್ಲಿ ಒಬ್ಬಳು ನಮ್ಮ ಗಿಟಾರಿಸ್ಟ್. ಅವಳಿಗೆ ಮನೆ ಬಾಡಿಗೆಯ ಚಿಂತೆ ಇತ್ತು, ಅದು ನಮಗೆ ಗೊತ್ತೇ ಇರಲಿಲ್ಲ. ಮೂರು ತಿಂಗಳ ಬಾಡಿಗೆಯಲ್ಲಿ ನಾವು ಕೈ ಜೋಡಿಸುತ್ತೇವೆ ಅಂತ ಮಾತಾಯಿತು. ಆ ಕಾಗದಕ್ಕೆ ಸಹಿ ಹಾಕುವುದಿಲ್ಲ.

ಕಾರ್ಯಕ್ರಮಗಳಿಂದ ಉಳಿದದ್ದು 38,000 ರೂಪಾಯಿ ಇದೆ. ನಾಲ್ಕು ಹಾಡು ರೆಕಾರ್ಡ್ ಮಾಡಿ ಮುಗಿದಿದೆ. ವಿನೈಲ್ ನಮ್ಮ ಕೈಗೆ ಎಟುಕುವುದಿಲ್ಲ. ಕ್ಯಾಸೆಟ್ 100, ಸಿಡಿ 200 ಅಂತ ಯೋಚನೆ. ಲೆಕ್ಕದಪುಸ್ತಕ ಸರ್, ಒಂದು ಪುಟ ಬರೆದು ನಿಮಗೆ ಕಳಿಸುತ್ತೇವೆ. ಅಚ್ಚುಮೊಳೆ ಸರ್, ಕವರ್ ಬಗ್ಗೆ ನಿಮ್ಮನ್ನು ಕೇಳಬಹುದಾ?

ಅಚ್ಚುಮೊಳೆ

ಧಾರಾಳವಾಗಿ ಕೇಳಿ. ಸಿಡಿ ಕವರಿಗೆ 300 ಜಿಎಸ್‌ಎಂ ತೂಕದ ದಪ್ಪ ಬೋರ್ಡ್ ಸಾಕು. ಒಂದೇ ಬಣ್ಣದಲ್ಲಿ ಮಾಡಿದರೆ ಖರ್ಚು ಕಡಿಮೆ. ಬೇರೆ ಕೆಲಸದ ಹಾಳೆಯಲ್ಲಿ ಉಳಿದ ಜಾಗಕ್ಕೆ ಸೇರಿಸಿ ಹೊಡೆದುಕೊಡುತ್ತೇನೆ. ಡೈ ಮಾಡಿಸಬೇಡಿ, ದಂಡ. ಕ್ರೀಸಿಂಗ್, ಅಂದರೆ ಮಡಚುವ ಗೆರೆ, ನಮ್ಮ ಮಷೀನಿನಲ್ಲಿ ಹಾಕಿಕೊಡುತ್ತೇನೆ. ಕತ್ತರಿಸಿ ಅಂಟಿಸುವುದು ನಿಮ್ಮ ಕೆಲಸ.

ಭಾನುವಾರ ಪ್ರೆಸ್ ಖಾಲಿ ಇರುತ್ತದೆ, ಟೇಬಲ್ ದೊಡ್ಡದಿದೆ. ಬರುವಾಗ ನಿಮಗೆ ಇಷ್ಟವಾದ ಅಳತೆಯ ಒಂದು ಹಳೇ ಕವರನ್ನು ಅಂಟು ಬಿಡಿಸಿ ತನ್ನಿ.